ಕರಡಿ ಬಾವಿಯ ನೀರಾವರಿ ಮಂತ್ರಿಗಳು

ಕಳೆದ ವಾರ ಒಬ್ಬ ಹೊಸ ಮೇಡಂ ಫೋನ್ ಮಾಡಿದ್ದರು. ನಾನು ನಿವೃತ್ತಳಾದ ಶಾಲೆಗೇ ಸಮಾಜ ವಿಜ್ಞಾನ ಪಾಠ ಮಾಡಲು ಬಂದವರು. ಬಂದ ಕೂಡಲೇ ಪರಿಸರ ಸಂಘದ ಉಸ್ತುವಾರಿಯನ್ನೂ ಅವರ ಕುತ್ತಿಗೆಗೆ ಕಟ್ಟಿದ್ದಾರಂತೆ. "ಮೇಡಂ, ಇದ್ರಲ್ಲಿ ನಿಜವಾಗ್ಲೂ ಏನ್ ಮಾಡ್ಬೇಕು?" ಎಂದು ಕೇಳಿದರು. ಸುತ್ತೋಲೆಯಲ್ಲಿ ಎಲ್ಲ ಬರೆದಿರುತ್ತಾರಲ್ಲ ಎಂದೆ. ಅದನ್ನು ಓದಿದ ಮೇಲೇ ಫೋನ್ ಮಾಡುತ್ತಿದ್ದೇನೆ ಎಂದರು. ಈ ಹೆಣ್ಣುಮಗಳಿಗೆ ಬುದ್ಧಿ ಇದೆ ಅನ್ನಿಸಿತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ. ಇವರಂಥ ಇನ್ನೂ ನಾಲ್ಕು ಜನರಿಗೆ ಉಪಯೋಗವಾದರೆ ಆಗಲಿ.

ಮೊದಲು, ಈ ಕೆಲಸ ಯಾರಿಗೆ ಬರುತ್ತದೆ ಎನ್ನುವುದು ಗೊತ್ತಿರಲಿ. ಶಾಲೆಯಲ್ಲಿ ಕ್ರೀಡೆಗೆ, ಬಿಸಿಯೂಟಕ್ಕೆ, ಸ್ಕೌಟಿಗೆ ಉಸ್ತುವಾರಿ ಹಂಚುವಾಗ ಎಲ್ಲರೂ ಸಾಧ್ಯವಾದಷ್ಟು ನೆಲ ನೋಡುತ್ತಾರೆ. ಕೊನೆಗೆ ಪರಿಸರ ಸಂಘ ಉಳಿಯುತ್ತದೆ. ಆ ದಿನ ರಜೆ ಹಾಕಿದವರ ಹೆಸರನ್ನು ಅದರ ಮುಂದೆ ಬರೆಯುತ್ತಾರೆ. ನಾನು ಜ್ವರ ಬಂದು ಗಂಗಾನಗರದ ನನ್ನ ಮನೆಯಲ್ಲಿ ಗಂಜಿ ಕುಡಿದು ಮಲಗಿದ್ದ ದಿನ ಅದು ನನಗೆ ಅಂಟಿಕೊಂಡಿತು. ನಿವೃತ್ತಿಯ ದಿನದವರೆಗೂ ಬಿಡಲಿಲ್ಲ.

ಶಾಲೆ ಬ್ಯಾಟರಾಯನಪುರದ ಒಳಗಿನ ಒಂದು ಸರ್ಕಾರಿ ಪ್ರೌಢಶಾಲೆ. ಹಿಂದುಗಡೆ ಹೊಂಗೆ ಮರದ ಪಕ್ಕ ಒಂದು ಬಾವಿ ಇತ್ತು. ಊರು ಊರಾಗಿದ್ದಾಗ ಅದು ಊರಿನ ಬಾವಿ. ಆಮೇಲೆ ಶಾಲೆ ಬಂತು, ಕಾಂಪೌಂಡ್ ಬಂತು, ಬಾವಿ ಒಳಗೆ ಸೇರಿತು. ನಾನು ನೋಡುವ ಹೊತ್ತಿಗೆ ಅದರೊಳಗೆ ನೀರಿನ ಬದಲು ಒಡೆದ ಡೆಸ್ಕಿನ ಕಾಲು, ಪ್ಲಾಸ್ಟಿಕ್ ಬಾಟಲಿ ಮತ್ತು ಯಾರದೋ ಒಂದು ಹೆಲ್ಮೆಟ್ಟು ಇತ್ತು. ನಾನು ಇಲ್ಲಿ ಹೇಳುವುದೆಲ್ಲ ಹೆಚ್ಚುಕಡಿಮೆ ಆ ಬಾವಿಯ ವಿಚಾರವೇ.

ಪರಿಸರ ಸಂಘದ ಮುಖ್ಯ ಕಾರ್ಯಕ್ರಮ ಚಿತ್ರಕಲಾ ಸ್ಪರ್ಧೆ. ವಿಷಯ ಏನೇ ಕೊಡಿ, ಮಕ್ಕಳು ಒಂದು ಭೂಮಿ ಬರೆಯುತ್ತಾರೆ. ಅರ್ಧ ಹಸಿರು, ಅರ್ಧ ಬೆಂಕಿ, ಕಣ್ಣಲ್ಲಿ ನೀರು. ಪಕ್ಕದಲ್ಲಿ ಮಂಜಿನ ತುಂಡಿನ ಮೇಲೆ ಒಂದು ಹಿಮಕರಡಿ. ಈ ಬ್ಯಾಟರಾಯನಪುರದಲ್ಲಿ ಹಿಮಕರಡಿಗೆ ಏನು ಕೆಲಸವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಳೆ ಬಂದರೆ ನಮ್ಮ ಗೇಟಿನ ಮುಂದೆ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಶೌಚಾಲಯಕ್ಕೆ ಒಂದು ಚೊಂಬು ನೀರಿರುತ್ತಿರಲಿಲ್ಲ. ಅದನ್ನು ಬರೆಯಿರಿ ಎಂದರೆ ಮಕ್ಕಳು ನನ್ನನ್ನೇ ಪಾಪ ಎನ್ನುವ ಹಾಗೆ ನೋಡುತ್ತಿದ್ದರು. ಬಹುಮಾನ ಬರುವುದು ಕರಡಿಗೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತೀರ್ಪುಗಾರರೂ ಕರಡಿಯ ಕಡೆಯವರೇ.

ಇದು ಸಾಲದು ಎಂದು ಒಂದು ವರ್ಷ ಸೋಲದೇವನಹಳ್ಳಿ ಕಡೆಯ ಯಾವುದೋ ಕಾಲೇಜಿನ ಹುಡುಗರು ಸೇವೆ ಮಾಡುತ್ತೇವೆಂದು ಬಂದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಟೋಪಿ. ಒಳ್ಳೆಯ ಮಕ್ಕಳು, ಸುಳ್ಳು ಹೇಳಬಾರದು. ಬಾವಿಯೊಳಗಿನ ಕಸ ತೆಗೆಸಿಕೊಡ್ರಪ್ಪ ಎಂದು ಕೇಳಿದೆ. ಅದಕ್ಕೆ ಅನುಮತಿ ಬೇಕು ಮೇಡಂ, ಪೇಂಟಿಂಗ್‌ಗಾದರೆ ಬೇಡ ಎಂದು ಬಾವಿಯ ಕಟ್ಟೆಯ ಮೇಲೆ ಚಿತ್ರ ಬರೆದು ಹೋದರು. ಏನು ಬರೆದಿರಬಹುದು ಹೇಳಿ. ಆವತ್ತಿನಿಂದ ನಮ್ಮ ಮಕ್ಕಳು ಅದನ್ನು ಕರಡಿ ಬಾವಿ ಎಂದೇ ಕರೆದರು.

ಇನ್ನು ಕೆಲಸದ ವಿಧಾನ ಬದಲಾದದ್ದು. ನಾನು ಸೇರಿದಾಗ ವನಮಹೋತ್ಸವ ಮಾಡಿದರೆ ವರದಿ ಬರೆದು ಕಳಿಸಬೇಕಿತ್ತು. ಬರೆಯುವಾಗ ನಾವು ಏನು ಮಾಡಿದೆವು ಎಂದು ಸ್ವಲ್ಪವಾದರೂ ಯೋಚಿಸುತ್ತಿದ್ದೆವು. ಆಮೇಲೆ ಫೋಟೋ ಬಂತು. ಒಂದು ಸಲ ಮಕ್ಕಳು ಬೆಳಿಗ್ಗೆಯೇ ಆವರಣವನ್ನೆಲ್ಲ ಚೊಕ್ಕವಾಗಿ ಗುಡಿಸಿ ಕೈ ತೊಳೆದುಕೊಂಡಿದ್ದರು. ಮುಖ್ಯೋಪಾಧ್ಯಾಯರು ಶಿವಣ್ಣನವರು ತಡವಾಗಿ ಮೊಬೈಲ್ ಹಿಡಿದು ಬಂದರು. ಗುಡಿಸುತ್ತಿರುವ ಫೋಟೋ ಎಲ್ಲಿ ಎಂದರು. ಗುಡಿಸಿ ಆಯಿತು ಸಾರ್ ಎಂದೆ. ಹಾಗಾದರೆ ಇನ್ನೊಮ್ಮೆ ಗುಡಿಸಲಿ ಎಂದು ತೊಟ್ಟಿಯಲ್ಲಿದ್ದ ಕಸವನ್ನು ಮತ್ತೆ ಹರಡಿಸಿ, ಪೊರಕೆ ಕೊಟ್ಟು, ಫೋಟೋ ತೆಗೆದರು. ಫೋಟೋ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು, ಮಕ್ಕಳು ತರಗತಿಗೆ ಓಡಿದರು. ಆ ಕಸವನ್ನು ನಾನೇ ಗುಡಿಸಿದೆ.

ಶಿವಣ್ಣನವರು ಕೆಟ್ಟ ಮನುಷ್ಯರಲ್ಲ. ಮಕ್ಕಳ ಊಟ ರುಚಿ ನೋಡದೆ ಬಡಿಸಲು ಬಿಡುತ್ತಿರಲಿಲ್ಲ. ಆದರೆ ತಮ್ಮ ಅವಧಿಯಲ್ಲಿ ಏನೂ ಆಗಬಾರದು ಎನ್ನುವುದು ಅವರ ಒಂದೇ ಪ್ರಾರ್ಥನೆ. ಏನೂ ಎಂದರೆ ಒಳ್ಳೆಯದೂ ಸೇರಿ.

ಈಗ ಶಬ್ರೀನ್ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಗಳಲ್ಲಿ ಶಾಲಾ ಸಂಸತ್ತು ಎಂದು ಮಾಡುತ್ತೇವೆ. ಮಕ್ಕಳು ಮೊಬೈಲಿನಲ್ಲಿ ಬಟನ್ ಒತ್ತಿ ಮತ ಹಾಕುತ್ತಾರೆ, ಬೆರಳಿಗೆ ಸ್ಕೆಚ್ ಪೆನ್ನಿನ ಮಸಿ. ಗೆದ್ದವರಲ್ಲಿ ಒಬ್ಬರು ಮುಖ್ಯಮಂತ್ರಿ, ಉಳಿದವರು ಆಹಾರ ಮಂತ್ರಿ, ಸಾಂಸ್ಕೃತಿಕ ಮಂತ್ರಿ, ನೀರಾವರಿ ಮಂತ್ರಿ. ಪ್ರಮಾಣವಚನ ಆಗುತ್ತದೆ, ಫೋಟೋ ಆಗುತ್ತದೆ. ಅಲ್ಲಿಗೆ ಸರ್ಕಾರ ಬಿದ್ದುಹೋದ ಹಾಗೆಯೇ. ಒಂಬತ್ತನೆಯ ತರಗತಿಯ ಶಬ್ರೀನ್ ಮಾತ್ರ ತನಗೆ ನೀರಾವರಿ ಖಾತೆಯೇ ಬೇಕು ಎಂದು ಹಟ ಹಿಡಿದು ತೆಗೆದುಕೊಂಡಳು. ಮಾರನೆಯ ದಿನ ಸ್ಟಾಫ್ ರೂಮಿಗೆ ಬಂದು, "ಮಿಸ್, ಮಂತ್ರಿ ಏನೇನ್ ಮಾಡ್ಬೋದು?" ಎಂದು ಕೇಳಿದಳು. ಅಷ್ಟು ವರ್ಷ ಪೌರನೀತಿ ಪಾಠ ಮಾಡಿದ್ದೆ, ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಅವಳ ಹಟಕ್ಕೆ ಕಾರಣವಿತ್ತು. ಬೇಸಿಗೆ ಬಂತೆಂದರೆ ಬೋರ್‌ವೆಲ್ ಗಾಳಿ ಉಗುಳುತ್ತಿತ್ತು, ಮೇಲಿನ ಟ್ಯಾಂಕು ಮಧ್ಯಾಹ್ನಕ್ಕೆ ಖಾಲಿ. ಹುಡುಗರು ಹೇಗೋ ಸಂಭಾಳಿಸಿಕೊಳ್ಳುತ್ತಿದ್ದರು. ಹುಡುಗಿಯರು ಊಟ ಆದ ಮೇಲೆ ಹೊಟ್ಟೆನೋವು ಎಂದು ಹೇಳಿ ಮನೆಗೆ ಹೋಗುತ್ತಿದ್ದರು. ಶಬ್ರೀನಳ ಅಕ್ಕ ಹಾಗೆ ಹೋಗಿ ಹೋಗಿ, ಮಧ್ಯಾಹ್ನದ ಗಣಿತ ಪೂರ್ತಿ ತಪ್ಪಿಸಿಕೊಂಡು, ಹತ್ತನೆಯ ತರಗತಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದಳು. ತನಗೂ ಹಾಗೇ ಆಗುತ್ತದೆ ಎಂಬ ಭಯ ಇವಳಿಗೆ. ಹವಾಮಾನ ಬದಲಾವಣೆ ಅವಳಿಗೆ ಕರಡಿಯ ಕಷ್ಟವಾಗಿರಲಿಲ್ಲ.

ತಾರಸಿಯ ಮಳೆನೀರನ್ನು ಬಾವಿಗೆ ಬಿಡುವ ಯೋಚನೆ ನನ್ನದು. ಕೈ ಹಾಕಿ ಮಾಡಿಸಿದ್ದು ಅವಳು. ಅವಳ ಅಬ್ಬಾ ಪೈಪ್ ಕೆಲಸದವರು. ಬೇಸಿಗೆ ರಜೆಯಲ್ಲಿ ಬಂದು, ಇನ್ನಿಬ್ಬರನ್ನು ಸೇರಿಸಿಕೊಂಡು ಬಾವಿಯ ಕಸ ಎತ್ತಿಸಿ, ತಾರಸಿಯಿಂದ ಪೈಪ್ ಇಳಿಸಿ, ಆವರಣಕ್ಕೆ ಅಡ್ಡಲಾಗಿ ನೆಲದ ಮೇಲೆ ಎಳೆದು, ಬಾವಿಗೆ ಬಿಟ್ಟರು. ನಡುವೆ ಜಲ್ಲಿ ಮರಳು ತುಂಬಿದ ಡ್ರಮ್ಮು. ಇನ್ನು ಮಳೆ ಬರುವುದೊಂದೇ ಬಾಕಿ.

ಮಳೆಗೆ ಕಾಯುವ ತಾಳ್ಮೆ ಶಿವಣ್ಣನವರಿಗೆ ಇರಲಿಲ್ಲ. ಜೂನ್ ಮೊದಲ ವಾರ ಪರಿಸರ ದಿನಕ್ಕೇ ಉದ್ಘಾಟನೆ ಎಂದು ಊರಿನ ಒಬ್ಬ ಮುಖಂಡರನ್ನು ಕರೆದರು. ಆಕಾಶ ನೋಡಿದರೆ ಒಂದು ಮೋಡವಿಲ್ಲ. "ಅತಿಥಿಗಳು ಬಂದಾಗ ನೀರು ಬೀಳ್ಬೇಕಲ್ಲ ಮೇಡಂ, ಒಣ ಪೈಪ್ ತೋರ್ಸಕ್ಕಾಗುತ್ತಾ?" ಎಂದರು. ಎಂದವರೇ ಟ್ಯಾಂಕರ್ ತರಿಸಿದರು. ಟ್ಯಾಂಕರಿನವನು ತಾರಸಿಗೆ ಪೈಪ್ ಏರಿಸಿ ನೀರು ಬಿಟ್ಟರೆ, ಅದು ಮಳೆಯ ಹಾಗೆ ಇಳಿದು ಬಾವಿಗೆ ಹೋಗಬೇಕು. ಮಳೆಕೊಯ್ಲಿನ ಉದ್ಘಾಟನೆಗೆ ಟ್ಯಾಂಕರ್! ನಾನು ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಲೋಟ ನೀರು ಕುಡಿದು ಬಂದೆ.

ಶಬ್ರೀನಳನ್ನು ಗೇಟಿನ ಹತ್ತಿರ ಹೂ ಕೊಡಲು ನಿಲ್ಲಿಸಿದ್ದರು. ಮುಖಂಡರ ಕಾರು ಒಳಗೆ ಬರುವಾಗ ಅವಳು ಹೂ ಬಿಟ್ಟು ಅಡ್ಡ ಹೋಗಿ, ಅಲ್ಲಿ ಪೈಪ್ ಇದೆ, ಈ ಕಡೆ ನಿಲ್ಲಿಸಿ ಎಂದಳು. ಮುಂದಿನ ಸೀಟಿನಲ್ಲಿದ್ದ ಹಿಂಬಾಲಕ ತಲೆ ಹೊರಗೆ ಹಾಕಿ, "ನಾನ್ಯಾರು ಗೊತ್ತಾ?" ಎಂದ. ನಮ್ಮ ವೃತ್ತಿಯಲ್ಲಿ ಈ ಪ್ರಶ್ನೆಯನ್ನು ನೀವು ಬಹಳ ಸಲ ಕೇಳುತ್ತೀರಿ. ಕೇಳುವವರು ಯಾರು ಎಂದು ನಮಗೆ ಗೊತ್ತಿರುವುದೇ ಇಲ್ಲ. ಕಾರು ಪೈಪಿನ ಮೇಲೆ ಹತ್ತಿ ಅಲ್ಲೇ ನಿಂತಿತು. ಒಡೆದ ಸದ್ದು ಅವಳಿಗೂ ಕೇಳಿಸಿತು, ನನಗೂ ಕೇಳಿಸಿತು.

ಆಮೇಲೆ ನಡೆದದ್ದು ಇಷ್ಟು. ಬಾವಿಯ ಮುಂದೆ ರಿಬ್ಬನ್ ಕತ್ತರಿಸಿದರು. ಮೇಲೆ ಟ್ಯಾಂಕರ್ ನೀರು ಬಿಟ್ಟರು. ನೀರು ಕಾರಿನ ಅಡಿಯಲ್ಲಿ ಉಕ್ಕಿ ಅಂಗಳದ ತುಂಬ ಹರಿಯಿತು. ಬಾವಿಗೆ ಒಂದು ಹನಿಯೂ ಬರಲಿಲ್ಲ. ಬಾರದ ನೀರಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ಆಯಿತು. ಮುಖಂಡರು ಭಾಷಣದಲ್ಲಿ ಮಳೆಕೊಯ್ಲನ್ನು ಹೊಗಳಿದರು. ಹೊಗಳುತ್ತಲೇ ಬಾವಿಯೊಳಗೆ ಬಗ್ಗಿ ನೋಡಿ, ಇಷ್ಟು ಆಳ ಇದೆಯಲ್ಲ, ಮಕ್ಕಳು ಬಿದ್ದರೆ ಯಾರು ಜವಾಬ್ದಾರಿ, ಮೊದಲು ಇದನ್ನು ಮುಚ್ಚಿಸಿ ಎಂದರು. ಅದೇ ಭಾಷಣದಲ್ಲಿ! ಶಿವಣ್ಣನವರ ಮುಖದ ಮೇಲೆ ಬೆವರು ಬಂತು. ಮುಂದಿನ ವಾರ ಚಪ್ಪಡಿ ಕಲ್ಲುಗಳು ಬಂದು ಹೊಂಗೆ ಮರದ ಕೆಳಗೆ ಕೂತವು.

ಕಲ್ಲು ಬಂದವು, ಹಾಸುವವರು ಬರಲಿಲ್ಲ. ಸರ್ಕಾರಿ ಕೆಲಸದ ಈ ನಿಧಾನವನ್ನು ಬೈಯುತ್ತಲೇ ಬದುಕಿದವಳು ನಾನು. ಆ ಒಂದು ಸಲ ಮಾತ್ರ ಕೈ ಮುಗಿದೆ.

ಆ ಬಿಡುವಿನಲ್ಲಿ ಶಬ್ರೀನಳ ಅಬ್ಬಾ ಒಡೆದ ಪೈಪನ್ನು ಸರಿ ಮಾಡಿ, ಈ ಸಲ ನೆಲದಲ್ಲಿ ಹೂತರು. ಎರಡು ಒಳ್ಳೆಯ ಮಳೆ ಬಂದು ಬಾವಿಯ ತಳದಲ್ಲಿ ನೀರು ಕಾಣಿಸಿತು. ಮುಚ್ಚುವುದು ಬೇಡ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಅದಕ್ಕೊಂದು ಸಣ್ಣ ಬಾಗಿಲು ಬೀಗ ಇಟ್ಟರೆ ಯಾರೂ ಬೀಳುವುದಿಲ್ಲ ಎಂದು ಶಬ್ರೀನ್ ಶಿವಣ್ಣನವರಿಗೆ ಹೇಳಿ ನೋಡಿದಳು. ಮೇಲಿನಿಂದ ಬಂದ ಮಾತು ಎಂದು ಅವರು ಕೈ ಚೆಲ್ಲಿದರು. ಸರಿ, ಮೇಲಿನವರನ್ನೇ ಕೇಳೋಣ ಎಂದು ನಾನು ಪೌರನೀತಿಯ ಉತ್ಸಾಹದಲ್ಲಿ ಮಕ್ಕಳನ್ನು ಬಡಾವಣೆಯ ನಾಗರಿಕರ ಸಭೆಗೆ ಕರೆದುಕೊಂಡು ಹೋದೆ. ಅಲ್ಲಿ ದೊಡ್ಡವರು ಬೀದಿನಾಯಿ, ಕಸದ ಆಟೋ, ಯಾರ ಮನೆಯ ಮುಂದೆ ಯಾರ ಕಾರು ಎಂದು ಜಗಳವಾಡಿದರು. ಮಕ್ಕಳು ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕೊನೆಗೆ ಕಾಫಿ ಬಂತು, ಸಭೆ ಮುಗಿಯಿತು. ಒಬ್ಬರು ಮಕ್ಕಳ ತಲೆ ಸವರಿ, ನೀವೇ ನಾಳಿನ ಪ್ರಜೆಗಳು ಎಂದು ಹೇಳಿ ಹೋದರು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ದಾರಿ ತೋರಿಸಿದ್ದು ಸಾಂಸ್ಕೃತಿಕ ಮಂತ್ರಿ. ಮಂಜ ಎಂದು, ಹಳೇ ಊರಿನ ಮನೆತನದ ಹುಡುಗ, ಡೊಳ್ಳು ಬಿಟ್ಟರೆ ಬೇರೆ ಯಾವುದರಲ್ಲೂ ಆಸಕ್ತಿ ಇಲ್ಲದವನು. ಶ್ರಾವಣದಲ್ಲಿ ಅವನ ಚಿಕ್ಕಪ್ಪನ ಮದುವೆ. ಮದುವೆಗೆ ಮೊದಲು ಹೆಂಗಸರು ಕಳಶ ಹಿಡಿದು ವಾದ್ಯದೊಂದಿಗೆ ಬಾವಿಗೆ ಹೋಗಿ, ಪೂಜೆ ಮಾಡಿ ಗಂಗೆ ತರುವ ಶಾಸ್ತ್ರ ಅವರಲ್ಲಿ. ಊರಲ್ಲಿ ಬಾವಿ ಉಳಿದಿಲ್ಲವಾದ್ದರಿಂದ ಕೆಲವು ವರ್ಷಗಳಿಂದ ಆ ಪೂಜೆಯನ್ನು ಅಂಗಡಿಯಿಂದ ತಂದ ನೀರಿನ ಕ್ಯಾನಿಗೆ ಮಾಡುತ್ತಿದ್ದರಂತೆ. ಕ್ಯಾನಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ! ಅವನ ಅಜ್ಜಿ ಪುಟ್ಟಲಕ್ಷ್ಮಮ್ಮ ಪ್ರತಿ ಮದುವೆಯಲ್ಲೂ ಆ ಕ್ಯಾನು ನೋಡಿ ಗೊಣಗುತ್ತಿದ್ದರಂತೆ. ಇದನ್ನು ಮಂಜ ನಗಾಡಿಕೊಂಡು ಹೇಳಿದ. ಶಬ್ರೀನ್ ನಗಲಿಲ್ಲ. ಆ ಶಾಸ್ತ್ರ ನಮ್ಮ ಬಾವಿಯಲ್ಲಿ ಮಾಡಿಸು ಎಂದಳು.

ನಾನು ಒಪ್ಪಲಿಲ್ಲ. ಇದು ಸರ್ಕಾರಿ ಶಾಲೆ, ಇಲ್ಲಿ ಇವತ್ತು ಒಂದು ಪೂಜೆ ಶುರುವಾದರೆ ನಾಳೆ ಏನಾಗುತ್ತದೋ ಎಂದೆ. ಕಾನೂನು, ಹಕ್ಕು, ಮನವಿ ಎಂದು ಇನ್ನೂ ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮಿಸ್, ನೀವ್ ಹೇಳ್ಕೊಟ್ಟ ಹಾಗೇ ಎಲ್ಲಾ ಕೇಳಿದ್ವಿ. ಯಾರೂ ಕೇಳಿಸ್ಕೊಳ್ಳಿಲ್ಲ. ಪೂಜೆ ಮಾಡಿದ್ ಬಾವೀನ ಯಾರೂ ಮುಚ್ಚಲ್ಲ ಮಿಸ್. ಪೂಜೆ ಅವ್ರು ಮಾಡ್ಕೊಳ್ಳಿ, ನೀರು ನಾವೆಲ್ರೂ ಬಳಸ್ಕೊಳ್ಳೋಣ."

ಗೇಟಿನ ಬೀಗ ತೆಗೆಸಿಕೊಡುವುದು ನನ್ನ ಜವಾಬ್ದಾರಿ ಎಂದೆ. ಒಂದು ಭಾನುವಾರ ಬೆಳಿಗ್ಗೆ ವಾಲಗದವರು, ಕಳಶ ಹೊತ್ತ ಹೆಂಗಸರು, ಮುಂದೆ ಪುಟ್ಟಲಕ್ಷ್ಮಮ್ಮ, ಎಲ್ಲರೂ ಶಾಲೆಯೊಳಗೆ ಬಂದರು. ಅಜ್ಜಿಗೆ ಕಣ್ಣು ಸ್ವಲ್ಪ ಮಂಜು. ಕಟ್ಟೆಯನ್ನು ಕೈಯಿಂದ ಸವರಿ, ಸಿಕ್ಕ ಜಾಗಕ್ಕೆ ಅರಿಶಿನ ಹಚ್ಚಿ ಕುಂಕುಮವಿಟ್ಟರು. ಅದು ನೇರವಾಗಿ ಕರಡಿಯ ಹಣೆಗೆ ಬಿತ್ತು. ಹೆಂಗಸರು ಆರತಿ ಎತ್ತಿದರು. ನಾನು ಬೇರೆ ಕಡೆ ತಿರುಗಿ ನಿಂತೆ, ನಗು ತಡೆಯಲಾಗಲಿಲ್ಲ. ತಳದ ನೀರು ಕೊಡಕ್ಕೆ ಬಂದಾಗ ಮಾತ್ರ ಅಜ್ಜಿಯ ಮುಖ ನೋಡಿ ನಗು ನಿಂತಿತು. ಮದುವಣಗಿತ್ತಿಯಾಗಿ ಈ ಊರಿಗೆ ಬಂದ ದಿನ ಅವರ ತಲೆಯ ಮೇಲೆ ಸುರಿದದ್ದು ಈ ಬಾವಿಯದೇ ನೀರಂತೆ.

ಶಬ್ರೀನ್ ಹೇಳಿದ ಹಾಗೆಯೇ ಆಯಿತು. ಬಾವಿ ಮುಚ್ಚುವ ಮಾತು ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಮುಚ್ಚಿಸಿ ಎಂದಿದ್ದ ಮುಖಂಡರೇ ಜಾಲರಿ ಹಾಕಿಸಿ ಅದರ ಮೇಲೆ ತಮ್ಮ ಹೆಸರು ಬರೆಸಿಕೊಂಡರು. ಚಪ್ಪಡಿಗಳನ್ನು ಮಕ್ಕಳ ಊಟಕ್ಕೆ ಜಗಲಿ ಮಾಡಿದೆವು. ನನ್ನ ಇಷ್ಟು ವರ್ಷದ ಪಾಠದಿಂದ ಆಗದ್ದು ಒಂದು ಚಿಟಿಕೆ ಅರಿಶಿನದಿಂದ ಆಗಿತ್ತು. ನನಗೆ ಸಂತೋಷವಾಯಿತು, ಅಷ್ಟೇ ಹೊಟ್ಟೆ ಉರಿಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಒಂದು ಮದುವೆಯವರು ಬಂದ ಮೇಲೆ ಇನ್ನೊಂದು ಮದುವೆಯವರು ಬಂದರು. ಶಾಸ್ತ್ರವಿಲ್ಲದವರೂ ಬಂದರು. ಬೀಗ ಹಾಕುವವರಿಲ್ಲದೆ ತೆರೆದೇ ಇದ್ದ ಜಾಲರಿಯ ಬಾಗಿಲಿನಿಂದ ಬಾವಿಗೆ ಹೂವು ಬಿತ್ತು, ನಿಂಬೆಹಣ್ಣು ಬಿತ್ತು, ಬಾಳೆಎಲೆ, ಹಳೆಯ ದೇವರ ಫೋಟೋ, ಊದುಬತ್ತಿಯ ಪ್ಯಾಕೆಟ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ಬಾವಿಯಲ್ಲಿ ಒಳ್ಳೆಯ ನೀರು ನಿಂತಿತ್ತು, ಅದರ ಮೇಲೆ ಕೊಳೆತ ಸೇವಂತಿಗೆಯ ಕೆನೆ ಕಟ್ಟಿತ್ತು. ಒಬ್ಬರು ಇಲ್ಲೊಂದು ಸಣ್ಣ ಗುಡಿ ಕಟ್ಟೋಣ ಎಂದು ಶಿವಣ್ಣನವರ ಹತ್ತಿರ ಬಂದರು. ಶಿವಣ್ಣನವರು ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ, ತಮ್ಮ ನಿವೃತ್ತಿಗೆ ಎಷ್ಟು ದಿನ ಇದೆ ಎಂದು ಲೆಕ್ಕ ಹಾಕಿದರು. ನಾನು ಹೇಳಿರಲಿಲ್ಲವಾ ಎಂದು ಶಬ್ರೀನಳನ್ನು ಗದರಿದೆ. ಆ ನೀರನ್ನು ಶೌಚಾಲಯಕ್ಕೂ ಬಳಸುವ ಹಾಗಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಂದಿತ್ತು. ಅವಳ ಕಣ್ಣಲ್ಲಿ ನೀರು ಬಂತು.

ಅತ್ತು ಮುಗಿಸಿ ಅವಳು ಮಂಜನೊಂದಿಗೆ ಪುಟ್ಟಲಕ್ಷ್ಮಮ್ಮನ ಮನೆಗೆ ಹೋದಳು. ಅಜ್ಜಿಯನ್ನು ಕೈ ಹಿಡಿದು ಕರೆತಂದು ಬಾವಿಯ ವಾಸನೆ ತೋರಿಸಿದಳು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಜಾಲರಿಯ ಮೇಲೆ ಬಗ್ಗಿದರು. ಆಮೇಲೆ ಅಲ್ಲಿ ಸೇರಿದ್ದ ಊರಿನವರಿಗೆ ಹೇಳಿದರು.

"ನಮ್ ಕಾಲ್ದಾಗೆ ಮದ್ವೆ ಮನೆಯೋರು ಮೊದ್ಲು ಬಾವಿ ತೊಳೀತಿದ್ರು, ಆಮ್ಯಾಕೆ ನೀರ್ ಎತ್ತೋದು. ನೀವು ಇಂಗೆ ಊವು ಅಣ್ಣು ಆಕಿದ್ರೆ ಗಂಗವ್ವ ಎಂಗೆ ಉಸ್ರಾಡ್ತಾಳೆ? ಇನ್ಮ್ಯಾಕೆ ಈ ಮಗ ಏಳ್ದಂಗೆ ಕೇಳಿ."

ಈ ಮಗ ಎಂದು ತೋರಿಸಿದ್ದು ಶಬ್ರೀನಳನ್ನು. ಮಂಜನ ಚಿಕ್ಕಪ್ಪನೇ ಆಳು ಕರೆಸಿ ಬಾವಿ ಸ್ವಚ್ಛ ಮಾಡಿಸಿದ. ಅಂದಿನಿಂದ ಕಟ್ಟೆಯ ಪಕ್ಕ ಒಂದು ನೀಲಿ ಬಕೆಟ್ಟು ಬಂತು. ಶಾಸ್ತ್ರಕ್ಕೆ ಯಾರೇ ಬಂದರೂ ಹೂವು ಹಣ್ಣು ಬಕೆಟ್ಟಿಗೆ, ಕೊಡ ಮಾತ್ರ ಬಾವಿಗೆ. ಬೀಗದ ಕೈ ನೀರಾವರಿ ಮಂತ್ರಿಯ ಹತ್ತಿರ. ಗುಡಿಯ ಮಾತು ತಾನಾಗಿ ತಣ್ಣಗಾಯಿತು. ಆ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟ ಮೇಲೂ ಹುಡುಗಿಯರ ಶೌಚಾಲಯದಲ್ಲಿ ನೀರಿತ್ತು. ಶಬ್ರೀನ್ ಮಧ್ಯಾಹ್ನದ ಒಂದು ತರಗತಿಯನ್ನೂ ತಪ್ಪಿಸಲಿಲ್ಲ, ಪಾಸಾದಳು. ಅವಳ ಅಕ್ಕನೂ ಮತ್ತೆ ಪರೀಕ್ಷೆಗೆ ಕಟ್ಟಿದಳು.

ನಾನು ನಿವೃತ್ತಳಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲರಿಗೂ ಆಗುವಂತೆಯೇ ಆಯಿತು. ಮಕ್ಕಳು ನೆನಪಿಗೆಂದು ಒಂದು ಚಿತ್ರ ಬರೆದುಕೊಟ್ಟರು. ಅದರಲ್ಲಿಯೂ ಕರಡಿ ಇತ್ತು.

ಈ ವರ್ಷ ಮಾಘದಲ್ಲಿ ಮಂಜನ ಅಕ್ಕನ ಮದುವೆಗೆ ಕರೆದಿದ್ದರು. ಹೆಬ್ಬಾಳದ ಟ್ರಾಫಿಕ್ಕನ್ನು ಬೈದುಕೊಂಡು ಹೋಗುವಷ್ಟರಲ್ಲಿ ಹೆಂಗಸರು ಗಂಗೆ ತರಲು ಹೊರಟಿದ್ದರು. ಯಾರೋ ನನ್ನ ಕೈಗೂ ಒಂದು ಹಿಡಿ ಸೇವಂತಿಗೆ ಕೊಟ್ಟರು. ಶನಿವಾರದ ಬೆಳಗಿನ ಶಾಲೆ. ಬಾವಿಯ ಹತ್ತಿರ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದಳು. ನಾನು ಬಿಟ್ಟು ಬಂದ ಮೇಲೆ ಸೇರಿದವಳು. ಎಲ್ಲರ ಹೂವನ್ನೂ ಬಕೆಟ್ಟಿಗೆ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಬಿಡುತ್ತಿದ್ದಳು. ನನ್ನ ಸರದಿ ಬಂತು. ನಾನು ಕಟ್ಟೆಯ ಕಡೆ ನೋಡುತ್ತಾ, ಇದು ನನ್ನ ಬಾವಿ ಎನ್ನುವ ಧಿಮಾಕಿನಲ್ಲಿ, ಹೂವು ಹಿಡಿದುಕೊಂಡೇ ಮುಂದೆ ಹೋದೆ. ಅವಳು ಅಡ್ಡ ಬಂದಳು.

"ಆಂಟಿ, ಹೂವು."

"ಪುಟ್ಟಾ, ನಾನ್ಯಾರು ಗೊತ್ತಾ?"

ಬಾಯಿಂದ ಬಿದ್ದೇ ಹೋಯಿತು. ಬಿದ್ದ ಮೇಲೆ ನನಗೇ ಕೇಳಿಸಿತು. ಆ ಹುಡುಗಿ ನನ್ನ ಮುಖವನ್ನು ನಿಜವಾಗಿಯೂ ಗಮನವಿಟ್ಟು ನೋಡಿದಳು.

"ಗೊತ್ತಿಲ್ಲ ಆಂಟಿ. ನಾನು ನೀರಾವರಿ ಮಂತ್ರಿ. ಹೂವು ಬಕೆಟ್‌ಗ್ ಹಾಕಿ."

ಹಾಕಿದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ಅಷ್ಟು ಸಂತೋಷ ಒಂದು ದಿನವೂ ಆಗಿರಲಿಲ್ಲ.

ಮೇಡಂ, ಏನು ಮಾಡಬೇಕು ಎಂದು ಕೇಳಿದ್ದಿರಿ. ಆ ಹುಡುಗಿ ಈಗ ನಿಮ್ಮ ತರಗತಿಯಲ್ಲೇ ಇರಬೇಕು, ಎರಡು ಜಡೆ, ಕೊರಳಲ್ಲಿ ಬೀಗದ ಕೈ. ದಯವಿಟ್ಟು ಅವಳನ್ನು ಕರೆದು ಹಿಮಕರಡಿ ಬರೆಯಲು ಕೂರಿಸಬೇಡಿ.